ಕರ್ತೃಪದ ಕಾಣೆಯಾಗಿದೆ: ಖ್ಯಾತ ವಜ್ರಗಳ ಫಲಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂರು ದಶಕ ಶಾಲೆಯಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟು ನಿವೃತ್ತನಾದವನು ನಾನು. ವಜ್ರದ ವ್ಯಾಪಾರ ಬಲ್ಲವನಲ್ಲ. ಹರಳನ್ನು ಬೆಳಕಿಗೆ ಹಿಡಿದು ಬೆಲೆ ಕಟ್ಟುವ ವಿದ್ಯೆ ನನಗೆ ಒಲಿದಿಲ್ಲ. ಆದರೆ ವಾಕ್ಯವೊಂದನ್ನು ಮುಂದಿಟ್ಟರೆ ಅದರಲ್ಲಿ ಕರ್ತೃ ಯಾರು, ಕರ್ಮ ಯಾವುದು, ಯಾರು ಯಾರಿಗೆ ಏನು ಮಾಡಿದರು ಎಂದು ಬಿಡಿಸಿ ತೋರಿಸಬಲ್ಲೆ. ಆ ಒಂದು ಬಲದ ಮೇಲೆ ಈ ಪತ್ರ.

ಲಂಡನ್ ಗೋಪುರದ ರತ್ನಾಗಾರ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್, ಪ್ಯಾರಿಸಿನ ಲೂವ್ರ್, ಮಾಸ್ಕೋದ ಕ್ರೆಮ್ಲಿನ್ನಿನ ವಜ್ರನಿಧಿ, ತೆಹರಾನಿನ ಕೇಂದ್ರ ಬ್ಯಾಂಕಿನ ರತ್ನಭಂಡಾರ, ಹಾಗೆಯೇ ನಮ್ಮ ರಿಸರ್ವ್ ಬ್ಯಾಂಕು: ಜಗತ್ತಿನ ಹೆಸರುವಾಸಿ ವಜ್ರಗಳಲ್ಲಿ ಹಲವು ನಿಮ್ಮ ಸುಪರ್ದಿಯಲ್ಲಿವೆ. ಅವುಗಳನ್ನು ವಾಪಸು ಕೊಡಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಆ ಜಗಳ ಸರ್ಕಾರಗಳಿಗೆ ಸೇರಿದ್ದು, ಅದು ನಡೆಯುತ್ತಲೇ ಇದೆ. ನನ್ನ ತಕರಾರು ಗಾಜಿನ ಪೆಟ್ಟಿಗೆಯ ಒಳಗಿನ ಕಲ್ಲಿನ ಬಗ್ಗೆ ಅಲ್ಲ, ಪಕ್ಕದಲ್ಲಿ ಅಂಟಿಸಿದ ಅಂಗೈಯಗಲದ ಬರಹದ ಬಗ್ಗೆ.

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ಮಕ್ಕಳಿಗಾಗಿ ಖ್ಯಾತ ವಜ್ರಗಳ ಪರಿಚಯವೊಂದನ್ನು ಸಿದ್ಧಪಡಿಸುತ್ತಿದ್ದರು. ಇಂಗ್ಲಿಷಿನಲ್ಲಿದ್ದ ಟಿಪ್ಪಣಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನದ ಕೆಲಸ ಎಂದುಕೊಂಡಿದ್ದೆ, ಎರಡು ತಿಂಗಳು ಹಿಡಿಯಿತು. ತೂಕ, ಬಣ್ಣ, ಇಸವಿ ಎಲ್ಲ ಸಲೀಸಾಗಿ ಬಂದವು. ತೊಡಕಾದದ್ದು ಕ್ರಿಯಾಪದಗಳು. ವಜ್ರವು ಇಂಥವರ ‘ಕೈಸೇರಿತು’, ಇಂಥ ಮನೆತನಕ್ಕೆ ‘ಬಂದಿತು’, ಇಂಥ ಊರಿನಲ್ಲಿ ‘ಕಾಣಿಸಿಕೊಂಡಿತು’, ಇಂಥ ವರ್ಷ ‘ಕಣ್ಮರೆಯಾಯಿತು’. ಕಲ್ಲಿಗೆ ಕಾಲಿಲ್ಲ, ಆದರೂ ಈ ಬರಹಗಳಲ್ಲಿ ಅದು ದೆಹಲಿಯಿಂದ ಪರ್ಷಿಯಾಕ್ಕೆ ನಡೆದುಹೋಗುತ್ತದೆ, ಲಾಹೋರಿನಿಂದ ಲಂಡನ್ನಿಗೆ ಹಡಗು ಹತ್ತುತ್ತದೆ. ಅದನ್ನು ಎತ್ತಿಕೊಂಡು ಹೋದವನು ವಾಕ್ಯದಿಂದ ಹೊರಗೆ ನಿಂತಿರುತ್ತಾನೆ.

ಶಾಲೆಯಲ್ಲಿ ಕರ್ತರಿ ಮತ್ತು ಕರ್ಮಣಿ ಪ್ರಯೋಗ ಹೇಳಿಕೊಡುವಾಗ ಹಳೆಯ ಉದಾಹರಣೆಯೊಂದಿದೆ. ‘ರಾಮನು ರಾವಣನನ್ನು ಕೊಂದನು’. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’. ಎರಡನೆಯದರಲ್ಲಿ ‘ರಾಮನಿಂದ’ ಎಂಬುದನ್ನು ಅಳಿಸಿದರೂ ವಾಕ್ಯ ನಿಲ್ಲುತ್ತದೆ ಎಂದು ತೋರಿಸಿ, ಕನ್ನಡದ ಜಾಯಮಾನಕ್ಕೆ ಈ ಪ್ರಯೋಗ ಅಷ್ಟಾಗಿ ಒಗ್ಗುವುದಿಲ್ಲ, ಮಾಡಿದವರು ಯಾರೆಂದು ಹೇಳುವ ಮನಸ್ಸಿಲ್ಲದ ಕಚೇರಿಗಳಿಗೆ ಮಾತ್ರ ಇದು ಬಲು ಇಷ್ಟ ಎಂದು ಮಕ್ಕಳನ್ನು ನಗಿಸುತ್ತಿದ್ದೆ. ಆ ತಮಾಷೆಯ ಪೂರ್ತಿ ಅರ್ಥ ನನಗೆ ಆದದ್ದು ಕೊಹಿನೂರಿನ ಕಾಗದಪತ್ರ ಓದಿದ ಮೇಲೆ.

ಎರಡನೆಯ ಸಿಖ್ ಯುದ್ಧ ಮುಗಿದ ಮೇಲೆ, 1849ರ ಮಾರ್ಚ್ 29ರಂದು ಲಾಹೋರಿನ ಒಪ್ಪಂದಕ್ಕೆ ರುಜು ಬಿತ್ತು. ಅದರ ಮೂರನೆಯ ಕಲಮನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ: ಷಾ ಶುಜಾ ಉಲ್ ಮುಲ್ಕನಿಂದ ಮಹಾರಾಜ ರಣಜಿತ್ ಸಿಂಗನು ತೆಗೆದುಕೊಂಡ ಕೊಹಿನೂರ್ ಎಂಬ ರತ್ನವನ್ನು ಲಾಹೋರಿನ ಮಹಾರಾಜನು ಇಂಗ್ಲೆಂಡಿನ ರಾಣಿಗೆ ಒಪ್ಪಿಸತಕ್ಕದ್ದು.

ಈ ಒಂದು ವಾಕ್ಯವನ್ನು ಹಿಡಿದು ನಾನು ಒಂದು ವಾರ ಕುಳಿತಿದ್ದೆ. ಇದರಲ್ಲಿ ಎರಡು ಕ್ರಿಯೆಗಳಿವೆ. ಮೊದಲನೆಯದು ‘ತೆಗೆದುಕೊಂಡ’, ಅದರ ಕರ್ತೃ ರಣಜಿತ್ ಸಿಂಗ್. (ಷಾ ಶುಜಾ ಎಂದರೆ ಪಟ್ಟ ಕಳೆದುಕೊಂಡ ಆಫ್ಘನ್ ಅರಸ.) ಎರಡನೆಯದು ‘ಒಪ್ಪಿಸು’, ಅದರ ಕರ್ತೃ ಲಾಹೋರಿನ ಮಹಾರಾಜ. ರಣಜಿತ್ ಸಿಂಗ್ ತೆಗೆದುಕೊಳ್ಳುತ್ತಾನೆ, ಅವನ ಮಗ ಒಪ್ಪಿಸುತ್ತಾನೆ. ಇಂಗ್ಲಿಷರು? ಅವರು ಈ ವಾಕ್ಯದಲ್ಲಿ ಏನನ್ನೂ ಮಾಡುವುದಿಲ್ಲ. ರಾಣಿ ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಕೈಯೊಡ್ಡಿ ಕುಳಿತಿದ್ದಾಳೆ. ಯುದ್ಧ ಗೆದ್ದ ಕಂಪನಿಯ ಸೈನ್ಯವಾಗಲಿ, ಒಪ್ಪಂದ ಬರೆಸಿದ ಗವರ್ನರ್ ಜನರಲ್ ಡಾಲ್‌ಹೌಸಿಯಾಗಲಿ ಎಲ್ಲಿಯೂ ಇಲ್ಲ. ಇಷ್ಟು ಕೈಚಳಕದ ವಾಕ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ರಣಜಿತನ ಹಳೆಯ ತಪ್ಪನ್ನು ನೆನಪಿಟ್ಟು ಬರೆದವರು, ಬರೆಯುತ್ತಿರುವ ಗಳಿಗೆಯಲ್ಲೇ ತಾವು ಮಾಡುತ್ತಿದ್ದುದನ್ನು ಮರೆತುಬಿಟ್ಟರು.

ಇನ್ನು ಆ ‘ಲಾಹೋರಿನ ಮಹಾರಾಜ’. ಅವನ ಹೆಸರು ದುಲೀಪ್ ಸಿಂಗ್, 1838ರ ಸೆಪ್ಟೆಂಬರಿನಲ್ಲಿ ಹುಟ್ಟಿದವನು. ಅಂದರೆ ರುಜು ಹಾಕಿದ ದಿನ ಹತ್ತು ವರ್ಷದ ಹುಡುಗ. ತಂದೆ ರಣಜಿತ್ ಸಿಂಗ್ 1839ರಲ್ಲೇ ತೀರಿಹೋಗಿದ್ದ. ತಾಯಿ ಜಿಂದ್ ಕೌರಳನ್ನು ಮಗನಿಂದ ದೂರಮಾಡಿ, ಪಂಜಾಬಿನಿಂದಲೇ ಹೊರಹಾಕಿ, ಚುನಾರ್ ಕೋಟೆಯಲ್ಲಿ ಸೆರೆಯಿಟ್ಟಿದ್ದರು. ಹತ್ತು ವರ್ಷದ ಹುಡುಗ ನನ್ನ ತರಗತಿಯಲ್ಲಿದ್ದಿದ್ದರೆ ಐದನೆಯ ಇಯತ್ತೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ. ಅವನ ಕೈಯಲ್ಲಿ ಪೆನ್ನು ಕೊಟ್ಟು ರಾಜ್ಯವನ್ನೂ ರತ್ನವನ್ನೂ ಒಟ್ಟಿಗೆ ಬರೆಸಿಕೊಂಡದ್ದಕ್ಕೆ ‘ಒಪ್ಪಿಸಿದನು’ ಎಂಬ ಕ್ರಿಯಾಪದ ಹಾಕಿದರೆ ನಾನು ಅಂಕ ಕೊಡುತ್ತಿರಲಿಲ್ಲ.

ತಮಾಷೆಯೆಂದರೆ ಡಾಲ್‌ಹೌಸಿಗೆ ಈ ವಿಷಯದಲ್ಲಿ ಯಾವ ಸಂಕೋಚವೂ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಲ್ಲಿ ಕೆಲವರು, ವಜ್ರವನ್ನು ಕಂಪನಿಯೇ ಇಟ್ಟುಕೊಂಡು ತಾನಾಗಿ ರಾಣಿಗೆ ಕಾಣಿಕೆ ಕೊಡಬೇಕಿತ್ತು ಎಂದು ಗೊಣಗಿದರು. ಅದಕ್ಕೆ ಅವನು ಬರೆದ ಕಾಗದದ ಸಾರ ಇದು: ಕಾಣಿಕೆ ಎಂದರೆ ಕೊಡುವವನ ಉಪಕಾರವಾಗುತ್ತದೆ, ಸೋತ ಅರಸನ ಕೈಯಿಂದ ಗೆದ್ದ ರಾಣಿಯ ಕೈಗೆ ನೇರವಾಗಿ ಬಂದರೇ ಅವಳಿಗೆ ಗೌರವ. ವಜ್ರವನ್ನು ತೆಗೆದುಕೊಂಡವನೇ ಇದು ಕಾಣಿಕೆಯಲ್ಲ, ಗೆದ್ದು ತಂದದ್ದು ಎಂದು ಒತ್ತಿ ಹೇಳಿದ್ದಾನೆ. ಆದರೆ 2016ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಭಾರತ ಸರ್ಕಾರದ ಸಾಲಿಸಿಟರ್ ಜನರಲ್ ಎದ್ದು ನಿಂತು, ಕೊಹಿನೂರನ್ನು ಯಾರೂ ಕದ್ದಿಲ್ಲ, ಬಲವಂತದಿಂದ ಒಯ್ದಿಲ್ಲ, ರಣಜಿತ್ ಸಿಂಗನ ಕಡೆಯವರು ಯುದ್ಧದ ನೆರವಿಗೆ ಪ್ರತಿಯಾಗಿ ಕೊಟ್ಟದ್ದು ಎಂಬ ಅರ್ಥದ ಮಾತು ಹೇಳಿದರು! ಗದ್ದಲವಾದ ಮೇಲೆ ಸರ್ಕಾರ ಅದು ತನ್ನ ಅಂತಿಮ ನಿಲುವಲ್ಲ ಎಂದು ಸಮಜಾಯಿಷಿ ನೀಡಿತು. ಒಯ್ದವನು ಬಳಸದ ಸೌಮ್ಯ ಕ್ರಿಯಾಪದವನ್ನು ಕಳೆದುಕೊಂಡವರ ವಕೀಲರೇ ಬಳಸಿದರು. ಕೆಟ್ಟ ವ್ಯಾಕರಣ ಎಷ್ಟು ದೂರ ಸಾಂಕ್ರಾಮಿಕವಾಗುತ್ತದೆ ನೋಡಿ.

ಲಂಡನ್ ಗೋಪುರದವರಿಗೆ ಒಂದು ಮೆಚ್ಚುಗೆ ಸಲ್ಲಬೇಕು. 2023ರ ಮೇ ತಿಂಗಳಲ್ಲಿ ಹೊಸದಾಗಿ ಜೋಡಿಸಿದ ರತ್ನಾಗಾರದಲ್ಲಿ ನೀವು ಕೊಹಿನೂರನ್ನು ವಿಜಯದ ಸಂಕೇತವೆಂದು ಬಿಡಿಸಿ ಹೇಳಿದಿರಿ. ಲಾಹೋರ್ ಒಪ್ಪಂದವು ಹತ್ತು ವರ್ಷದ ದುಲೀಪ್ ಸಿಂಗನನ್ನು ಒತ್ತಾಯಿಸಿತು ಎಂದು ಬರೆದಿರಿ. ವಯಸ್ಸನ್ನು ನಮೂದಿಸಿದ್ದು ದೊಡ್ಡ ಮಾತು. ಅದೇ ತಿಂಗಳು ನಡೆದ ಪಟ್ಟಾಭಿಷೇಕದಲ್ಲಿ ರಾಣಿ ಕಮಿಲಾ ಈ ವಜ್ರವಿಲ್ಲದ ಕಿರೀಟ ತೊಟ್ಟದ್ದನ್ನೂ ಗಮನಿಸಿದ್ದೇನೆ. ಆದರೂ ಮೇಷ್ಟರ ಚಾಳಿ ಬಿಡದು: ‘ಒಪ್ಪಂದವು ಒತ್ತಾಯಿಸಿತು’ ಎಂದರೇನು? ಒಪ್ಪಂದ ಒಂದು ಕಾಗದ. ಅದಕ್ಕೆ ಬಾಯಿಯಿಲ್ಲ, ಖಡ್ಗವಿಲ್ಲ. ಕರ್ತೃಪದ ಬಂತು, ನಿಜ. ಆದರೆ ಆ ಜಾಗದಲ್ಲಿ ಮನುಷ್ಯನ ಬದಲು ಕಾಗದವನ್ನು ಕೂರಿಸಿದ್ದೀರಿ. ಇನ್ನೊಂದೇ ಹೆಜ್ಜೆ ಉಳಿದಿದೆ.

ಆ ಹೆಜ್ಜೆ ಇಟ್ಟರೆ ಮುಂದಿನ ಸಾಲಿಗೂ ಜೀವ ಬರುತ್ತದೆ. 1851ರಲ್ಲಿ ಹೈಡ್ ಪಾರ್ಕಿನ ಮಹಾಪ್ರದರ್ಶನದಲ್ಲಿ ಕೊಹಿನೂರನ್ನು ನೋಡಲು ಜನ ಮುಗಿಬಿದ್ದರು, ಮಂಕಾಗಿದೆ ಎಂದು ಮುಖ ಸಿಂಡರಿಸಿದರು. ತೂಕ ಉಳಿಸಿಕೊಳ್ಳುವ ನಮ್ಮ ಕಡೆಯ ಪದ್ಧತಿಯ ಸಾಣೆ ಅದು, ಕಣ್ಣು ಕೋರೈಸುವುದಕ್ಕೆ ಮಾಡಿದ್ದಲ್ಲ. ಮರುವರ್ಷ ರಾಣಿಯ ಗಂಡ ಆಲ್ಬರ್ಟ್ ಆಮ್‌ಸ್ಟರ್‌ಡ್ಯಾಮಿನ ಕುಶಲಕರ್ಮಿಗಳನ್ನು ಕರೆಸಿದ. ಸಾಣೆಯ ಚಕ್ರಕ್ಕೆ ಕಲ್ಲನ್ನು ಮೊದಲು ಒತ್ತಿ ಹಿಡಿದವನು ಮುದಿ ಡ್ಯೂಕ್ ಆಫ್ ವೆಲಿಂಗ್ಟನ್. (1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈತ. ಕನ್ನಡ ಓದುಗರಿಗೆ ಹಳೆಯ ಪರಿಚಯ.) ಮೂವತ್ತೆಂಟು ದಿನ ಉಜ್ಜಿದರು. 191 ಕ್ಯಾರೆಟ್ಟಿನ ಕಲ್ಲು 105.6ಕ್ಕೆ ಇಳಿಯಿತು. ನೂರರಲ್ಲಿ ನಲವತ್ತು ಪಾಲಿಗಿಂತ ಹೆಚ್ಚು ಪುಡಿಯಾಗಿ ಹೋಯಿತು. ಹಾಗಾಗಿ, ಕೊಹಿನೂರ್ ಯಾರಿಗೆ ಸೇರಬೇಕು ಎಂದು ದೆಹಲಿ, ಲಾಹೋರು, ಕಾಬೂಲು, ತೆಹರಾನುಗಳು ಜಗಳವಾಡುವಾಗ, ಅವರು ಕೇಳುತ್ತಿರುವ ಕಲ್ಲು ಈಗ ಎಲ್ಲಿಯೂ ಇಲ್ಲ ಎಂದು ನನಗೆ ಅನ್ನಿಸುವುದುಂಟು.

1854ರಲ್ಲಿ ದುಲೀಪ್ ಸಿಂಗ್ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಚಿತ್ರಕಾರನೆದುರು ನಿಂತಿದ್ದಾಗ ರಾಣಿ ಆ ಹೊಸ ರೂಪದ ವಜ್ರವನ್ನು ತರಿಸಿ ಅವನ ಕೈಗಿತ್ತಳು. ಅವನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಕೊನೆಗೆ ತಲೆಬಾಗಿ ಅವಳ ಕೈಯಲ್ಲಿಟ್ಟ ಎಂದು ಅವನ ಪೋಷಕನ ಹೆಂಡತಿ ಬರೆದಿಟ್ಟಿದ್ದಾಳೆ. ‘ಕೊಟ್ಟ’ ಎಂಬ ಕ್ರಿಯಾಪದಕ್ಕೆ ಸಾಕ್ಷಿಯಾಗಿ ಈ ದೃಶ್ಯವನ್ನು ಮುಂದೆ ಮಾಡುವವರಿದ್ದಾರೆ. ಹದಿನೈದು ವರ್ಷದ ಹುಡುಗ, ಸುತ್ತ ಆಸ್ಥಾನದ ಮಂದಿ, ಎದುರಿಗೆ ಅನ್ನ ಹಾಕುವ ರಾಣಿ. ಅವನು ಇನ್ನೇನು ಮಾಡಬಹುದಿತ್ತು? 1880ರ ದಶಕದಲ್ಲಿ ಅದೇ ದುಲೀಪ್ ಸಿಂಗ್ ಬ್ರಿಟಿಷ್ ಸರ್ಕಾರದ ವಿರುದ್ಧ ತಿರುಗಿಬಿದ್ದ. ಆ ಮಾತನ್ನೂ ಜೊತೆಗೆ ಹೇಳಿದರೆ ನನ್ನ ಅಭ್ಯಂತರವಿಲ್ಲ.

ಕರ್ತೃವನ್ನು ಅಡಗಿಸಲು ಇನ್ನೊಂದು ಉಪಾಯವಿದೆ, ಅದು ಕಲ್ಲನ್ನೇ ಕರ್ತೃ ಮಾಡುವುದು. ಇದಕ್ಕೆ ಶಾಪ ಎಂದು ಹೆಸರು. ವಾಷಿಂಗ್ಟನ್ನಿನ ಹೋಪ್ ವಜ್ರದ ಕಥೆ ಹೇಳುವವರೆಲ್ಲ ಅದರ ಶಾಪದಿಂದಲೇ ಶುರುಮಾಡುತ್ತಾರೆ. ಭಾರತದಿಂದ ಅದನ್ನು ಒಯ್ದ ಫ್ರೆಂಚ್ ವ್ಯಾಪಾರಿ ಟಾವರ್ನಿಯೆಯನ್ನು ನಾಯಿಗಳು ಹರಿದು ತಿಂದವು ಎನ್ನುತ್ತಾರೆ. ಆತ ಎಂಬತ್ತು ದಾಟಿದ ಮುದುಕನಾಗಿ ರಷ್ಯಾದಲ್ಲಿ ಕಾಲವಾದ. ಕಲ್ಲು ಹದಿನಾರನೆಯ ಲೂಯಿ ದೊರೆಯ ತಲೆ ತೆಗೆಯಿತು ಎನ್ನುತ್ತಾರೆ. ಫ್ರಾನ್ಸಿನ ಜನರ ಹಸಿವು, ತೆರಿಗೆ, ಕ್ರಾಂತಿ ಯಾವುದೂ ಲೆಕ್ಕಕ್ಕಿಲ್ಲ! ಶಾಪದ ಕಥೆಗೆ ಒಗ್ಗರಣೆ ಹಾಕಿದವರಲ್ಲಿ ಆಭರಣ ವ್ಯಾಪಾರಿ ಪಿಯರೆ ಕಾರ್ಟಿಯೆ ಮುಖ್ಯ. ಎವಲಿನ್ ವಾಲ್ಷ್ ಮೆಕ್ಲೀನ್ ಎಂಬ ಅಮೆರಿಕದ ಸಿರಿವಂತೆಗೆ ಕೆಡುಕಿನ ವಸ್ತುಗಳೇ ಒಳಿತು ತರುತ್ತವೆಂಬ ನಂಬಿಕೆಯಿತ್ತು, ಅವನಿಗೆ ಗಿರಾಕಿ ಬೇಕಿತ್ತು. 1911ರಲ್ಲಿ ವ್ಯಾಪಾರ ಕುದುರಿತು. ಶಾಪ ಎಂಬುದು ಮಾರಾಟದ ಮಾತು, ಮಾನ್ಯರೇ. ಫಲಕದಲ್ಲಿ ಅದಕ್ಕೆ ಜಾಗ ಕೊಡುವುದಾದರೆ ಮಾರಿದವನ ಹೆಸರಿನ ಜೊತೆಗೇ ಕೊಡಿ.

ನಿಜಸಂಗತಿ ಶಾಪಕ್ಕಿಂತ ರುಚಿಕರವಾಗಿದೆ. ಟಾವರ್ನಿಯೆಯಿಂದ ಹದಿನಾಲ್ಕನೆಯ ಲೂಯಿ ಕೊಂಡ ನೀಲಿ ಕಲ್ಲನ್ನು 1673ರಲ್ಲಿ ಆಸ್ಥಾನದ ಕುಶಲಕರ್ಮಿ ಪಿತೌ ಮತ್ತೆ ಕತ್ತರಿಸಿ 69 ಕ್ಯಾರೆಟ್ಟಿಗೆ ತಂದ. 1792ರ ಸೆಪ್ಟೆಂಬರಿನಲ್ಲಿ ಕಳ್ಳರು ಅರಸರ ಖಜಾನೆಯ ಗೋಡೆ ಹತ್ತಿ, ಒಂದಲ್ಲ, ಹಲವು ರಾತ್ರಿ ಕನ್ನ ಹಾಕಿ ಅದನ್ನು ಹೊತ್ತೊಯ್ದರು. 1812ರ ಸೆಪ್ಟೆಂಬರಿನಲ್ಲಿ, ಇಪ್ಪತ್ತು ವರ್ಷ ಮುಗಿದು ಕೆಲವೇ ದಿನಗಳಾಗಿದ್ದಾಗ, ಲಂಡನ್ನಿನ ವ್ಯಾಪಾರಿ ಡೇನಿಯಲ್ ಎಲಿಯಾಸನ್ನನ ಬಳಿ 45 ಕ್ಯಾರೆಟ್ಟಿನ ಆಸುಪಾಸಿನ ನೀಲಿ ವಜ್ರವೊಂದು ‘ಕಾಣಿಸಿಕೊಂಡಿತು’. ಕ್ರಾಂತಿಕಾಲದ ಅಪರಾಧಗಳಿಗೆ ಫ್ರಾನ್ಸಿನ ಕಾನೂನಿನಲ್ಲಿ ಇಪ್ಪತ್ತು ವರ್ಷದ ವಾಯಿದೆಯಿತ್ತು ಎಂದು ತಿಳಿದವರಿಗೆ, ಆ ಕ್ರಿಯಾಪದದ ಮುಗ್ಧತೆ ನಗು ತರಿಸುತ್ತದೆ. ಕಲ್ಲು ಪಂಚಾಂಗ ನೋಡಿಕೊಂಡು ಹೊರಬಂತೇ?

ಇದೇ ಕಥೆಯಲ್ಲಿ ನಿಮ್ಮ ವೃತ್ತಿಗೆ ಹೆಮ್ಮೆ ತರುವ ಸಂಗತಿಯೂ ಇದೆ. ಮುಂದೆ ಹೋಪ್ ಎಂದು ಹೆಸರಾದ ಲಂಡನ್ನಿನ ಕಲ್ಲು ಪ್ಯಾರಿಸಿನಲ್ಲಿ ಕದ್ದ ಕಲ್ಲೇ ಎಂಬ ಗುಮಾನಿ ಹಳೆಯದು. 2007ರಲ್ಲಿ ಪ್ಯಾರಿಸಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಖನಿಜ ವಿಜ್ಞಾನಿ ಫ್ರಾಂಸ್ವಾ ಫಾರ್ಜ್ ಅವರಿಗೆ ಸೀಸದ ಅಚ್ಚೊಂದು ಸಿಕ್ಕಿತು. ಕದ್ದುಹೋದ ಆ ಲೂಯಿಯ ನೀಲಿ ಕಲ್ಲಿನ, ಅಂದರೆ ‘ಫ್ರೆಂಚ್ ನೀಲಿ’ಯ, ಪಡಿಯಚ್ಚು ಅದು. ಹೋಪ್ ವಜ್ರ ಅದರ ಹೊಟ್ಟೆಯೊಳಗೆ ಸರಿಯಾಗಿ ಕೂರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಅಚ್ಚಿಗೆ ಸಂಬಂಧಿಸಿದ ಹಳೆಯ ನಮೂದಿನಲ್ಲಿ ಲಂಡನ್ನಿನ ‘ಹೊಪ್ಪೆ’ ಮಹಾಶಯನ, ಅಂದರೆ ವಜ್ರಕ್ಕೆ ಹೆಸರು ಬಂದ ಹೋಪನ, ಹೆಸರಿತ್ತು. ಯಾವನೋ ಗುಮಾಸ್ತ ತನ್ನ ಪಾಡಿಗೆ ತಾನು, ಯಾರ ಮುಲಾಜೂ ಇಲ್ಲದೆ, ಕರ್ತೃಪದ ಬಿಡದೆ ಬರೆದಿಟ್ಟ ಒಂದು ಸಾಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲೇ ಮಲಗಿದ್ದು ಎದ್ದು ಬಂದು ಸಾಕ್ಷಿ ನುಡಿಯಿತು. ಫಲಕ ಬರೆಯುವವರ ಕೆಲಸ ಸಣ್ಣದು ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಕಥೆ ಹೇಳಿ.

ಈವರೆಗೆ ಹೇಳಿದ್ದೆಲ್ಲ ರಾಜರು, ಕಳ್ಳರು, ವ್ಯಾಪಾರಿಗಳ ವಿಷಯ. ಅವರ ಕ್ರಿಯಾಪದ ತಪ್ಪಿರಬಹುದು, ಹೆಸರಾದರೂ ಉಳಿದಿದೆ. ಹೆಸರೇ ಇಲ್ಲದವರ ಬಗ್ಗೆ ಈಗ ಹೇಳಬೇಕು.

1720ರ ದಶಕದಲ್ಲಿ ಬ್ರೆಜಿಲ್ಲಿನಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ವಜ್ರಗಳೆಲ್ಲ ಹೆಚ್ಚುಕಡಿಮೆ ನಮ್ಮ ನೆಲದವು. ಕೃಷ್ಣಾ ತೀರದ ಕೊಲ್ಲೂರು (ಮೂಕಾಂಬಿಕೆಯ ಕೊಲ್ಲೂರಲ್ಲ, ಗುಂಟೂರಿನ ಕಡೆಯದು) ಅವುಗಳಲ್ಲಿ ಹೆಸರಾದ ಗಣಿ. ಅಲ್ಲಿ ಅರುವತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರೆಂದು ಟಾವರ್ನಿಯೆ ಬರೆಯುತ್ತಾನೆ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಅವನು ನೋಡಿದ ಇನ್ನೊಂದು ಗಣಿ ಇಂದಿನ ಕರ್ನೂಲು ಸೀಮೆಯ ರಾವಲಕೊಂಡ. ಅಲ್ಲಿ ವ್ಯಾಪಾರಿಗಳ ಮಕ್ಕಳು, ಹತ್ತು ಹದಿನೈದರ ಪೋರರು, ಬೆಳಿಗ್ಗೆ ಮರದ ಕೆಳಗೆ ತೂಕದ ಬಟ್ಟು ಹಿಡಿದು ಕೂರುತ್ತಿದ್ದುದನ್ನೂ, ದೊಡ್ಡವರು ಬಟ್ಟೆಯ ಮರೆಯಲ್ಲಿ ಬೆರಳು ಒತ್ತಿ ಒಂದು ಮಾತಿಲ್ಲದೆ ಬೆಲೆ ಕುದುರಿಸುತ್ತಿದ್ದುದನ್ನೂ ಅವನು ಆಸೆಪಟ್ಟು ಬಣ್ಣಿಸುತ್ತಾನೆ. ಅದೇ ಉಸಿರಿನಲ್ಲಿ ಇದನ್ನೂ ಹೇಳುತ್ತಾನೆ: ಕಸುಬು ಚೆನ್ನಾಗಿ ಬಲ್ಲ ಗಣಿಯಾಳಿಗೆ ವರ್ಷಕ್ಕೆ ಮೂರು ವರಾಹ ಕೂಲಿ. ಹೊಟ್ಟೆಗೆ ಸಾಲದೆ ಅವರು ಕಲ್ಲು ನುಂಗಿಬಿಡುತ್ತಿದ್ದರು, ಅದಕ್ಕೆ ಐವತ್ತು ಆಳಿಗೆ ಹನ್ನೆರಡು ಹದಿನೈದು ಮಂದಿ ಕಾವಲು.

ಈಗ ಲೂವ್ರಿನವರು ಗಮನಿಸಬೇಕು. ನಿಮ್ಮ ಸಂಗ್ರಹದ ರೀಜೆಂಟ್ ವಜ್ರವನ್ನು ಮದರಾಸಿನ ಗವರ್ನರ್ ಥಾಮಸ್ ಪಿಟ್ ಜಾಮ್‌ಚಂದ್ ಎಂಬ ವ್ಯಾಪಾರಿಯಿಂದ ಕೊಂಡದ್ದು ಹದಿನೆಂಟನೆಯ ಶತಮಾನದ ಹೊಸ್ತಿಲಲ್ಲಿ, 48,000 ವರಾಹಕ್ಕೆ. ಎರಡು ಲೆಕ್ಕಗಳ ನಡುವೆ ಅರ್ಧ ಶತಮಾನದ ಅಂತರವಿದೆ, ಗಣಿಯೂ ಬೇರೆ. ಆದರೂ ಭಾಗಿಸಿ ನೋಡಿದೆ. ಒಬ್ಬ ಗಣಿಯಾಳಿನ ಹದಿನಾರು ಸಾವಿರ ವರ್ಷದ ಕೂಲಿ. ಪಿಟ್ ಅದನ್ನು 1717ರಲ್ಲಿ ಫ್ರಾನ್ಸಿನ ರೀಜೆಂಟನಿಗೆ (ಬಾಲದೊರೆಯ ಪರವಾಗಿ ಆಳುತ್ತಿದ್ದವನಿಗೆ) 1,35,000 ಪೌಂಡಿಗೆ ಮಾರಿದ. ಅವನ ಮೊಮ್ಮಗ ಮುಂದೆ ಬ್ರಿಟನ್ನಿನ ಪ್ರಧಾನಿಯಾದ. ಕಲ್ಲು ಫ್ರಾನ್ಸಿನ ದೊರೆಗಳ ಕಿರೀಟದಲ್ಲಿ, ಆಮೇಲೆ ನೆಪೋಲಿಯನ್ನನ ಕತ್ತಿಯ ಹಿಡಿಯಲ್ಲಿ ಮೆರೆಯಿತು. 2025ರ ಅಕ್ಟೋಬರಿನಲ್ಲಿ ಕಳ್ಳರು ನಿಮ್ಮ ಅಪೋಲೊ ಸಭಾಂಗಣಕ್ಕೆ ನುಗ್ಗಿ ಬೇರೆ ಒಡವೆಗಳನ್ನು ಹೊತ್ತೊಯ್ದಾಗಲೂ ಅದು ಉಳಿಯಿತು. ಅದನ್ನು ನೆಲದಿಂದ ತೆಗೆದವನ ಬಗ್ಗೆ ಉಳಿದಿರುವುದು ಒಂದು ದಂತಕಥೆ ಮಾತ್ರ: ಗುಲಾಮನೊಬ್ಬ ತನ್ನ ಕಾಲಿನ ಗಾಯದೊಳಗೆ ಕಲ್ಲನ್ನು ಅಡಗಿಸಿಕೊಂಡು ಸಮುದ್ರ ತೀರಕ್ಕೆ ಓಡಿದ, ಹಡಗಿನ ಕಪ್ತಾನ ಕಲ್ಲನ್ನು ಕಿತ್ತುಕೊಂಡು ಅವನನ್ನು ನೀರಿಗೆ ನೂಕಿದ. ಇದು ನಡೆದ ಸಂಗತಿಯೆಂದು ಯಾರೂ ಸಾಧಿಸಲಾರರು. ಆದರೆ ಕಟ್ಟುಕಥೆಯೇ ಆದರೂ ಅದರಲ್ಲಿ ಕರ್ತೃಪದ ಸರಿಯಾಗಿದೆ ಎಂಬುದು ನನಗೆ ಸೋಜಿಗ. ಅಗೆದವನು, ಓಡಿದವನು, ಕಿತ್ತುಕೊಂಡವನು, ಕೊಂದವನು, ಎಲ್ಲರೂ ಇದ್ದಾರೆ.

ಕೊಲ್ಲೂರಿನ ಹಳೆಯ ನೆಲ ಈಗ ಪುಲಿಚಿಂತಲ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದೆ. ಫಲಕ ನೆಡಲು ಅಲ್ಲಿ ನೆಲವೂ ಇಲ್ಲ. ಹಾಗಾಗಿ ನೀವು ಬರೆಯುವ ನಾಲ್ಕು ಸಾಲೇ ಆ ಅರುವತ್ತು ಸಾವಿರ ಜನರಿಗೆ ಉಳಿದಿರುವ ಜಾಗ.

ದಕ್ಷಿಣ ಆಫ್ರಿಕಕ್ಕೆ ಹೋದರೂ ಕಥೆ ಬೇರೆಯಲ್ಲ. 1869ರಲ್ಲಿ ಗ್ರೀಕ್ವಾ ಜನಾಂಗದ ಕುರುಬನೊಬ್ಬ 83.5 ಕ್ಯಾರೆಟ್ಟಿನ ಕಲ್ಲು ತಂದು ಕೊಟ್ಟು 500 ಕುರಿ, 10 ಎತ್ತು, ಒಂದು ಕುದುರೆ ಪಡೆದ. ಕೊಂಡವನು ಅದನ್ನು ಸುಮಾರು 11,000 ಪೌಂಡಿಗೆ ಮಾರಿದ. ಆ ಕಲ್ಲಿನಿಂದ ಬಂದ ವಜ್ರಕ್ಕೆ ಎರಡು ಹೆಸರು: ಒಂದು ದೇಶದ್ದು, ‘ದಕ್ಷಿಣ ಆಫ್ರಿಕದ ನಕ್ಷತ್ರ’, ಇನ್ನೊಂದು ಅದನ್ನು ಕೊಂಡ ಇಂಗ್ಲೆಂಡಿನ ಡಡ್ಲಿ ಪ್ರಭುವಿನದು. ಕುರುಬನದು ಮೂರನೆಯ ಹೆಸರಾಗಲಿಲ್ಲ. ಮುಂದೆ ಕಿಂಬರ್ಲಿಯಲ್ಲಿ ಕಪ್ಪು ಕೆಲಸಗಾರರನ್ನು ಗುತ್ತಿಗೆ ಮುಗಿಯುವ ತನಕ ಬೇಲಿಯೊಳಗೆ ಕೂಡಿಹಾಕಿ, ಹೊರಗೆ ಬಿಡುವ ಮುನ್ನ ದಿನಗಟ್ಟಲೆ ಪ್ರತ್ಯೇಕವಾಗಿಟ್ಟು ಹೊಟ್ಟೆಯೊಳಗಿನದನ್ನೂ ತಪಾಸಣೆ ಮಾಡುತ್ತಿದ್ದರು. ರಾವಲಕೊಂಡದ ಕಾವಲುಗಾರನ ಭಯ ಎರಡು ಶತಮಾನ ದಾಟಿ, ಸಮುದ್ರ ದಾಟಿ, ಕಾರ್ಖಾನೆಯ ನಿಯಮವಾಗಿತ್ತು.

ಇನ್ನು ಕಲ್ಲಿನನ್. 1905ರ ಜನವರಿ 26ರಂದು ಪ್ರೀಮಿಯರ್ ಗಣಿಯಲ್ಲಿ ಸಿಕ್ಕಿದ 3,106 ಕ್ಯಾರೆಟ್ಟಿನ ಹಸಿ ವಜ್ರ, ಅರ್ಧ ಕಿಲೋಗಿಂತ ಭಾರ. ಮೇಲ್ವಿಚಾರಕ ಫ್ರೆಡರಿಕ್ ವೆಲ್ಸನ ಹೆಸರು ದಾಖಲೆಯಲ್ಲಿದೆ, ಗಣಿಯ ಧಣಿ ಥಾಮಸ್ ಕಲ್ಲಿನನ್ನನ ಹೆಸರು ಕಲ್ಲಿನ ಮೇಲಿದೆ. 1907ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಅದನ್ನು 1,50,000 ಪೌಂಡಿಗೆ ಕೊಂಡು, ಜನತೆಯ ನಿಷ್ಠೆಯ ಗುರುತೆಂದು ಬ್ರಿಟನ್ನಿನ ದೊರೆ ಏಳನೆಯ ಎಡ್ವರ್ಡನಿಗೆ ಹುಟ್ಟುಹಬ್ಬದ ಕೊಡುಗೆಯಾಗಿ ಕೊಟ್ಟಿತು. ಶಾಸನಸಭೆಯಲ್ಲಿ ಪರವಾಗಿ 42, ವಿರುದ್ಧ 19 ಮತ. ಆ ಸಭೆಗೆ ಮತ ಹಾಕುವ ಹಕ್ಕು ಬಿಳಿಯ ಗಂಡಸರಿಗೆ ಮಾತ್ರ ಇತ್ತು. ‘ಜನತೆ’ ಎಂಬ ಕರ್ತೃಪದ ಇಲ್ಲಿ ಕಾಣೆಯಾಗಿಲ್ಲ, ಅತಿಯಾಗಿ ಹಿಗ್ಗಿದೆ. ಅದೂ ದೋಷವೇ. ಆಮ್‌ಸ್ಟರ್‌ಡ್ಯಾಮಿನ ಜೋಸೆಫ್ ಆಶರ್ ಅದನ್ನು ಸೀಳುವಾಗ ಮೊದಲ ಏಟಿಗೆ ಅಲಗೇ ಮುರಿಯಿತು ಎಂಬುದನ್ನು ಎಲ್ಲರೂ ಬರೆಯುತ್ತಾರೆ, ನಾನು ಬೆಳೆಸುವುದಿಲ್ಲ.

ಮಾಸ್ಕೋದವರೇ, ನಿಮ್ಮಲ್ಲಿರುವ ಷಾ ವಜ್ರ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು, ಏಕೆಂದರೆ ತನ್ನ ಫಲಕವನ್ನು ತನ್ನ ಮೈಮೇಲೆಯೇ ಹೊತ್ತುಕೊಂಡಿರುವ ಕಲ್ಲು ಅದು. 88.7 ಕ್ಯಾರೆಟ್ಟಿನ ಉದ್ದನೆಯ ಹರಳಿನ ಮೇಲೆ ಮೂರು ಬರಹಗಳಿವೆ: ಅಹ್ಮದ್‌ನಗರದ ಬುರ್ಹಾನ್ ನಿಜಾಂ ಷಾ, ಷಾಹಜಹಾನ್, ಪರ್ಷಿಯಾದ ಫತ್ ಅಲಿ ಷಾ. ವಜ್ರದ ಮೇಲೆ ಅಕ್ಷರ ಕೆತ್ತಲು ವಜ್ರದ ಪುಡಿಯೇ ಬೇಕು, ಜೊತೆಗೆ ಕೆತ್ತುವವನಿಗೆ ಅಪಾರ ತಾಳ್ಮೆ. ಆದರೆ ಅಲ್ಲೂ ಒಡೆಯರ ಹೆಸರಷ್ಟೇ ಇದೆ, ಕೆತ್ತಿದವನದಿಲ್ಲ. ನಾಲ್ಕನೆಯ ಬರಹ ಬರಲೇ ಇಲ್ಲ. 1829ರಲ್ಲಿ ತೆಹರಾನಿನ ಜನಜಂಗುಳಿ ರಷ್ಯಾದ ರಾಯಭಾರಿ, ಕವಿ ಗ್ರಿಬೊಯೆದೊವ್ ಅವರನ್ನು ಕೊಂದುಹಾಕಿತು. ಮುನಿದ ಝಾರನನ್ನು ಸಮಾಧಾನಪಡಿಸಲು ಷಾ ತನ್ನ ಮೊಮ್ಮಗನ ಕೈಯಲ್ಲಿ ಕಾಣಿಕೆಗಳನ್ನು ಕಳಿಸಿದ, ಅವುಗಳ ಜೊತೆ ಈ ವಜ್ರವೂ ಹೋಯಿತು. ಆ ಸಾಲನ್ನು ಕಲ್ಲಿನ ಮೇಲೆ ಕೆತ್ತುವುದು ಬೇಡ, ಫಲಕದ ಮೇಲೆ ಸಾಕು.

ನಮ್ಮ ರಿಸರ್ವ್ ಬ್ಯಾಂಕಿನವರಿಗೆ ಕೊನೆಯ ಮಾತು. ಪರದೇಶದವರಿಗೆ ಬುದ್ಧಿ ಹೇಳಿ ಮನೆಯವರನ್ನು ಬಿಟ್ಟರೆ ನ್ಯಾಯವಾಗದು. 1995ರಲ್ಲಿ ಕೇಂದ್ರ ಸರ್ಕಾರ ಹೈದರಾಬಾದ್ ನಿಜಾಮರ ಒಡವೆಗಳನ್ನು 218 ಕೋಟಿ ರೂಪಾಯಿಗೆ ಕೊಂಡಿತು. ಅವುಗಳಲ್ಲಿ 184.75 ಕ್ಯಾರೆಟ್ಟಿನ ಜೇಕಬ್ ವಜ್ರವೂ ಇದೆ. ತಂದೆಯ ಚಡಾವಿನ ತುದಿಯಲ್ಲಿ ಸಿಕ್ಕಿದ ಅದನ್ನು ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನ್ ಕಾಗದ ಹಾರದಂತೆ ಒತ್ತಿಡಲು ಬಳಸಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಕಲ್ಲು ಗೋಲ್ಕೊಂಡದ್ದಲ್ಲ, ದಕ್ಷಿಣ ಆಫ್ರಿಕದ್ದು ಎಂಬುದು ಎಷ್ಟು ಜನರಿಗೆ ಗೊತ್ತು? ಜನರ ದುಡ್ಡಿನಿಂದ ಕೊಂಡ ವಜ್ರವನ್ನು ಜನ ನೋಡಿದ್ದು ಬೆರಳೆಣಿಕೆಯ ಪ್ರದರ್ಶನಗಳಲ್ಲಿ. ನೀವು ಅದನ್ನು ಕತ್ತಲೆಯ ಖಜಾನೆಯಲ್ಲಿಟ್ಟಿದ್ದೀರಿ. ಲಂಡನ್ನಿನ ಫಲಕದಲ್ಲಿ ತಪ್ಪು ಹುಡುಕಬಹುದು, ನಿಮ್ಮಲ್ಲಿ ತಪ್ಪು ಹುಡುಕಲು ಫಲಕವೇ ಇಲ್ಲ.

ಬರಿಯ ದೂರು ಬರೆದು ಮುಗಿಸುವುದು ಮೇಷ್ಟರಿಗೆ ಶೋಭೆಯಲ್ಲ. ಮಾದರಿ ಉತ್ತರ ಬರೆದು ತೋರಿಸಬೇಕು. ಕೊಹಿನೂರಿಗಾಗಿ ನಾನು ಸಿದ್ಧಪಡಿಸಿದ ಕರಡು ಇದು:

“ದಖ್ಖನಿನ ಗಣಿಯೊಂದರಲ್ಲಿ ಹೆಸರು ಉಳಿಯದ ಕೂಲಿಯಾಳುಗಳು ಈ ಕಲ್ಲನ್ನು ತೆಗೆದಿರಬೇಕು. 1739ರಲ್ಲಿ ನಾದಿರ್ ಷಾ ದೆಹಲಿಯನ್ನು ಕೊಳ್ಳೆಹೊಡೆದು ಇದನ್ನು ಒಯ್ದನು. 1747ರಲ್ಲಿ ಸರದಾರರು ನಾದಿರನನ್ನು ಕೊಂದಾಗ ಅಹ್ಮದ್ ಷಾ ಅಬ್ದಾಲಿ ಇದನ್ನು ಆಫ್ಘಾನಿಸ್ತಾನಕ್ಕೆ ಒಯ್ದನು. 1813ರಲ್ಲಿ ರಣಜಿತ್ ಸಿಂಗನು ಲಾಹೋರಿನಲ್ಲಿ ತನ್ನ ಹಿಡಿತದಲ್ಲಿದ್ದ ಷಾ ಶುಜಾನಿಂದ ಇದನ್ನು ಕಿತ್ತುಕೊಂಡನು. 1849ರಲ್ಲಿ ಡಾಲ್‌ಹೌಸಿಯು ಹತ್ತು ವರ್ಷದ ದುಲೀಪ್ ಸಿಂಗನಿಂದ ವಿಕ್ಟೋರಿಯಾ ರಾಣಿಗಾಗಿ ಇದನ್ನು ಕಿತ್ತುಕೊಂಡನು. 1852ರಲ್ಲಿ ಆಲ್ಬರ್ಟ್ ಸಾಣೆ ಹಿಡಿಸಿ ಇದನ್ನು 191 ಕ್ಯಾರೆಟ್ಟಿನಿಂದ 105.6ಕ್ಕೆ ಇಳಿಸಿದನು.”

ಆರು ವಾಕ್ಯ, ಅಂಗೈಯಗಲದಲ್ಲಿ ಹಿಡಿಸುತ್ತದೆ. ಆರಕ್ಕೂ ಕರ್ತೃಪದವಿದೆ. ನಾಲ್ಕನೆಯ ಮತ್ತು ಐದನೆಯ ವಾಕ್ಯಕ್ಕೆ ಒಂದೇ ಕ್ರಿಯಾಪದ ಬಳಸಿದ್ದು ಬೇಕೆಂದೇ. ಅದು ತಪ್ಪು ಅನ್ನಿಸಿದರೆ ಕೆಂಪು ಶಾಯಿಯಲ್ಲಿ ತಿದ್ದಿ, ಯಾವ ಪದ ಸರಿ ಎಂದು ಅಂಚಿನಲ್ಲಿ ಬರೆದು ಕಳುಹಿಸಿ. ಓದಲು ಕಾದಿರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಮೇಷ್ಟರು